ಗೆರೆ ದಾಟಿಸಿದವರು: ಚಿಕಾಗೋದಲ್ಲಿ ಮನೆ, ಶಾಲೆ ಮತ್ತು ಸಮಾನತೆಯ ಕೆಲಸ



ಸಾರ್ವಜನಿಕ ಸಂಸ್ಥೆಗಳನ್ನು ಕಟ್ಟಿ ನಡೆಸಿದವರ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ಅಮೆರಿಕದ ಚಿಕಾಗೋ ನಗರದ ಒಂದು ಲಾಭರಹಿತ ಸಂಸ್ಥೆಯನ್ನು. ಲೀಡರ್‌ಶಿಪ್ ಕೌನ್ಸಿಲ್ ಫಾರ್ ಮೆಟ್ರೊಪಾಲಿಟನ್ ಓಪನ್ ಕಮ್ಯುನಿಟೀಸ್ ಎಂಬುದು ಅದರ ಪೂರ್ತಿ ಹೆಸರು. ನಾನು ಕೌನ್ಸಿಲ್ ಎಂದಷ್ಟೇ ಹೇಳುತ್ತೇನೆ. 1966ರಲ್ಲಿ ಹುಟ್ಟಿ 2006ರಲ್ಲಿ ಬಾಗಿಲು ಮುಚ್ಚಿದ ಸಂಸ್ಥೆ ಅದು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ನಮ್ಮ ಹಳ್ಳಿ ಶಾಲೆಯ ಮಕ್ಕಳಿಗೂ ಗೊತ್ತು. ಅವರು ಚಿಕಾಗೋದಿಂದ ಹೊರಟುಹೋದ ಮೇಲೆ ಅಲ್ಲಿ ಉಳಿದ ಕೆಲಸವನ್ನು ಯಾರು ಹೊತ್ತರು, ಹೇಗೆ ಹೊತ್ತರು ಎಂಬುದು ನಮ್ಮಲ್ಲಿ ಚರ್ಚೆಯಾದದ್ದು ಕಡಿಮೆ. ಮೆರವಣಿಗೆ ಮುಗಿದ ಮರುದಿನದಿಂದ ಶುರುವಾಗುವ ಆ ಕೆಲಸವೇ ಇವತ್ತಿನ ನನ್ನ ವಿಷಯ.

ಮೊದಲು ಆ ಊರಿನ ಕಥೆ. 1910ರಲ್ಲಿ ಚಿಕಾಗೋದಲ್ಲಿದ್ದ ಕಪ್ಪು ಜನರ ಸಂಖ್ಯೆ ಸುಮಾರು 44,000. 1970ರ ಹೊತ್ತಿಗೆ ಅದು 11 ಲಕ್ಷ ಮುಟ್ಟಿತ್ತು. ಮಿಸಿಸಿಪಿ, ಅರ್ಕನ್ಸಾ ಕಡೆಯ ಹತ್ತಿ ಹೊಲಗಳನ್ನು ಬಿಟ್ಟು ರೈಲು ಹತ್ತಿ ಬಂದವರು ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದರು. ಕೆಲಸ ಕೊಟ್ಟ ಊರು ಇರಲು ಜಾಗ ಕೊಡಲಿಲ್ಲ. ಈ ಸ್ವತ್ತನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ಷರತ್ತನ್ನು ಮನೆಯ ಕ್ರಯಪತ್ರದಲ್ಲೇ ಬರೆದು ನೋಂದಣಿ ಮಾಡಿಸುತ್ತಿದ್ದರು. ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ, ಶೆಲಿ ವಿರುದ್ಧ ಕ್ರೇಮರ್ ಮೊಕದ್ದಮೆಯಲ್ಲಿ. ಅಷ್ಟರಲ್ಲಿ ಸರ್ಕಾರವೇ ಇನ್ನೊಂದು ಗೋಡೆ ಕಟ್ಟಿಯಾಗಿತ್ತು. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಮನೆ ಸಾಲಗಳಿಗೆ ಖಾತರಿ ಕೊಡುವ ಇಲಾಖೆ. ಕಪ್ಪು ಜನ ಇರುವ ಬಡಾವಣೆಗಳಿಗೆ ಅದು ಖಾತರಿ ಕೊಡುತ್ತಿರಲಿಲ್ಲ. ಖಾತರಿ ಇಲ್ಲದ ಕಡೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ.

ಸಾಲ ಸಿಗದವನು ಮನೆಯನ್ನು ಹೇಗೆ ಕೊಳ್ಳಬೇಕು? ನಗರದ ಪಶ್ಚಿಮ ಭಾಗದ ನಾರ್ತ್ ಲಾಂಡೇಲ್‌ನಲ್ಲಿ ಇದಕ್ಕೊಂದು ವ್ಯಾಪಾರವೇ ಹುಟ್ಟಿಕೊಂಡಿತು. ದಲ್ಲಾಳಿಗಳು ಬಿಳಿಯರ ಮನೆಗಳನ್ನು ಕಡಿಮೆ ಬೆಲೆಗೆ ಕೊಂಡು ದುಬಾರಿ ಬೆಲೆಗೆ ಕಪ್ಪು ಕುಟುಂಬಗಳಿಗೆ ಕಂತಿನ ಕರಾರಿನ ಮೇಲೆ ಮಾರಿದರು. ಕೊನೆಯ ಕಂತು ಕಟ್ಟುವವರೆಗೆ ಮನೆಯ ಹಕ್ಕು ಮಾರಿದವನದೇ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಅದುವರೆಗೆ ಕಟ್ಟಿದ ಹಣವೂ ಹೋಯಿತು. ಕಂತು ತಪ್ಪಬಾರದೆಂದು ಗಂಡ ಹೆಂಡತಿ ಎರಡೆರಡು ಪಾಳಿ ದುಡಿದರು, ಮನೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟರು. ಬಡಾವಣೆಯಲ್ಲಿ ಜನ ಕಿಕ್ಕಿರಿದರು, ಅಲ್ಲಿಯ ಶಾಲೆಗಳಲ್ಲಿ ಮಕ್ಕಳು ಕಿಕ್ಕಿರಿದರು. ಮನೆಗೆ ಆದ ಅನ್ಯಾಯ ಶಾಲೆಯನ್ನು ತಲುಪಿದ ದಾರಿ ಇದು.

ಆಗ ಶಾಲೆಗಳ ಸೂಪರಿಂಟೆಂಡೆಂಟ್ ಆಗಿದ್ದವರು ಬೆಂಜಮಿನ್ ವಿಲ್ಲಿಸ್. ಕಪ್ಪು ಮಕ್ಕಳ ಶಾಲೆಗಳಲ್ಲಿ ಜಾಗ ಸಾಲದೆ ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು ಪಾಳಿ ನಡೆಯುತ್ತಿತ್ತು. ಹತ್ತಿರದ ಬಿಳಿಯರ ಶಾಲೆಗಳಲ್ಲಿ ಬೆಂಚುಗಳು ಖಾಲಿ ಇವೆ, ನಮ್ಮ ಮಕ್ಕಳನ್ನು ಅಲ್ಲಿಗೆ ಸೇರಿಸಿ ಎಂದು ತಾಯಂದಿರು ಕೇಳಿದರು. ಹಾಗೆ ಸೇರಿಸುವ ಬದಲು ವಿಲ್ಲಿಸ್ ಶಾಲೆಯ ಆಟದ ಬಯಲಿನಲ್ಲಿ, ಖಾಲಿ ನಿವೇಶನಗಳಲ್ಲಿ ತಗಡಿನ ತಾತ್ಕಾಲಿಕ ಕೊಠಡಿಗಳನ್ನು ತಂದು ನಿಲ್ಲಿಸಿದರು. ಜನ ಅವನ್ನು ವಿಲ್ಲಿಸ್ ವ್ಯಾಗನ್ ಎಂದು ಕರೆದರು. ಇದನ್ನು ಪ್ರತಿಭಟಿಸಿ 1963ರ ಅಕ್ಟೋಬರ್ 22ರಂದು ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಹೋಗದೆ ಉಳಿದರು.  ಮುಂದೆ ಈ ಚಳವಳಿಯ ಮುಂದಾಳಾದ ಆಲ್ ರೇಬಿ ಸ್ವತಃ ಶಾಲಾ ಮೇಷ್ಟ್ರು. ಅವರು ಮುನ್ನಡೆಸಿದ ಒಕ್ಕೂಟದ ಕರೆಯ ಮೇಲೆಯೇ ಕಿಂಗ್ ದಕ್ಷಿಣ ರಾಜ್ಯಗಳಿಂದ ಚಿಕಾಗೋಗೆ ಬಂದದ್ದು. ಮನೆಗಳ ಚಳವಳಿ ಎಂದು ಚರಿತ್ರೆಯಲ್ಲಿ ದಾಖಲಾಗಿರುವುದು ಶಾಲೆಯ ಅಂಗಳದಲ್ಲಿ ಶುರುವಾಯಿತು ಎಂಬುದನ್ನು ದಯವಿಟ್ಟು ನೆನಪಿಡಿ. ಕೌನ್ಸಿಲ್‌ನ ಕೆಲಸ ಪೂರ್ತಿ ಅರ್ಥವಾಗುವುದು ಈ ಎರಡನ್ನೂ ಒಟ್ಟಿಗೆ ನೋಡಿದಾಗಲೇ.

1966ರ ಜನವರಿಯಲ್ಲಿ ಕಿಂಗ್ ನಾರ್ತ್ ಲಾಂಡೇಲ್‌ನ ಹ್ಯಾಮ್ಲಿನ್ ಅವೆನ್ಯೂದಲ್ಲಿ ಒಂದು ಹಳೆಯ ಫ್ಲ್ಯಾಟಿಗೆ ಬಾಡಿಗೆಗೆ ಬಂದರು. ಏಳು ವರ್ಷ ಹಿಂದೆ, 1959ರಲ್ಲಿ, ಅವರು ಭಾರತಕ್ಕೆ ಬಂದಿದ್ದಾಗ ತಿರುವನಂತಪುರದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯ ಬಂಧು ಎಂದು ಮಕ್ಕಳಿಗೆ ಪರಿಚಯಿಸಿದ್ದರು. ಕೇಳಿ ಮೊದಲು ಮನಸ್ಸಿಗೆ ಕಸಿವಿಸಿಯಾಯಿತೆಂದೂ, ಯೋಚಿಸಿದಾಗ ಅದು ನಿಜವೆನ್ನಿಸಿತೆಂದೂ ಕಿಂಗ್ ಮುಂದೆ ಒಂದು ಪ್ರವಚನದಲ್ಲಿ ಹೇಳಿಕೊಂಡರು. ಊರ ಹೊರಗೆ ಕೇರಿ ಇಟ್ಟ ನಾಡಿನವರಾದ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

1966ರ ಆಗಸ್ಟ್ 5ರಂದು ಮಾರ್ಕೆಟ್ ಪಾರ್ಕ್ ಎಂಬ ಬಿಳಿಯರ ಬಡಾವಣೆಯಲ್ಲಿ ಮೆರವಣಿಗೆ ಹೊರಟಾಗ ಕಿಂಗ್ ತಲೆಗೆ ಕಲ್ಲು ಬಿತ್ತು. ಅವರು ಕುಸಿದು ಮತ್ತೆ ಎದ್ದು ನಡೆದರು. ಪಕ್ಕದ ಸಿಸೆರೊ ಪಟ್ಟಣಕ್ಕೂ ಮೆರವಣಿಗೆ ಹೋಗುತ್ತದೆಂಬ ಸುದ್ದಿ ಬಂದಾಗ ಮೇಯರ್ ರಿಚರ್ಡ್ ಡೇಲಿ ಮಾತುಕತೆಗೆ ಕೂತರು. ಆಗಸ್ಟ್ 26ರಂದು ಪಾಮರ್ ಹೌಸ್ ಹೋಟೆಲಿನಲ್ಲಿ ಒಪ್ಪಂದವಾಯಿತು. ಮನೆ ದಲ್ಲಾಳಿಗಳ ಮಂಡಳಿ, ಬ್ಯಾಂಕುಗಳು, ಚರ್ಚುಗಳು, ನಗರಸಭೆ ಎಲ್ಲರೂ ಭಾಷೆ ಕೊಟ್ಟರು. ಕೊಟ್ಟ ಭಾಷೆಯನ್ನು ನಡೆಸಿಕೊಡಲು ಒಂದು ಸಂಸ್ಥೆ ಬೇಕಲ್ಲ, ಅದೇ ಈ ಕೌನ್ಸಿಲ್.

ಈ ಒಪ್ಪಂದವನ್ನು ಕಪ್ಪು ಸಮುದಾಯದ ಹಲವರು ಒಪ್ಪಲಿಲ್ಲ. ಗಡುವಿಲ್ಲದ, ಶಿಕ್ಷೆಯಿಲ್ಲದ ಭರವಸೆಗಳ ಪಟ್ಟಿ ಎಂದು ಅದನ್ನು ತಿರಸ್ಕರಿಸಿದರು. ಕಾಂಗ್ರೆಸ್ ಆಫ್ ರೇಷಿಯಲ್ ಈಕ್ವಾಲಿಟಿಯ ರಾಬರ್ಟ್ ಲೂಕಸ್ ಸೆಪ್ಟೆಂಬರ್ 4ರಂದು ತಮ್ಮವರನ್ನು ಕರೆದುಕೊಂಡು ಸಿಸೆರೊಗೆ ಹೋಗಿಯೇ ಬಂದರು. ಅವರ ಸಂಶಯ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಕೌನ್ಸಿಲ್‌ನ ಮೇಜಿನ ಸುತ್ತ ಕೂತವರಲ್ಲಿ ಉದ್ಯಮಿಗಳೂ ಬ್ಯಾಂಕಿನವರೂ ಇದ್ದರು. ಅಂದರೆ ಗೋಡೆ ಕಟ್ಟಿದ ವ್ಯವಸ್ಥೆಯವರೇ ಗೋಡೆ ಒಡೆಯುವ ಸಂಸ್ಥೆಗೆ ಹಣ ಕೊಡುವವರಾಗಿದ್ದರು. ಇಂಥ ಸಂಸ್ಥೆಯ ನಾಯಕತ್ವ ವಹಿಸಿದವರು ದಿನವೂ ಎರಡು ಕಡೆಗೆ ಲೆಕ್ಕ ಒಪ್ಪಿಸಬೇಕು. ಹಣ ಕೊಟ್ಟವರಿಗೆ ಇವರು ಅತಿ ಮಾಡುತ್ತಿದ್ದಾರೆ ಎನ್ನಿಸುತ್ತದೆ. ಯಾರಿಗಾಗಿ ಸಂಸ್ಥೆ ಇದೆಯೋ ಅವರಿಗೆ ಇವರು ಏನೂ ಮಾಡುತ್ತಿಲ್ಲ ಎನ್ನಿಸುತ್ತದೆ.

1972ರಿಂದ 1992ರವರೆಗೆ ಈ ಕುರ್ಚಿಯಲ್ಲಿ ಕೂತವರು ಕೇಲ್ ವಿಲಿಯಮ್ಸ್. ಕ್ವೇಕರ್ ಪಂಥದ ಸೇವಾ ಸಂಸ್ಥೆಯಾದ ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿಯ ಚಿಕಾಗೋ ಕಚೇರಿಯಲ್ಲಿ ದುಡಿದು ಬಂದ ಬಿಳಿಯ. 1966ರ ಚಳವಳಿಗೆ ಮೊದಲೇ ಆ ಕಮಿಟಿಯವರು ಉಪನಗರಗಳಲ್ಲಿ ಮನೆ ಮನೆ ತಿರುಗಿ, ಕಪ್ಪು ನೆರೆಯವರನ್ನು ಒಪ್ಪುತ್ತೀರಾ ಎಂದು ಕೇಳುವ ಕೆಲಸ ಮಾಡಿದ್ದರು. ಕಪ್ಪು ಜನರ ಹಕ್ಕಿನ ಸಂಸ್ಥೆಗೆ ಬಿಳಿಯ ನಿರ್ದೇಶಕ ಸರಿಯೇ ಎಂಬ ಪ್ರಶ್ನೆಯನ್ನು ಇವತ್ತು ಕೇಳುತ್ತಾರೆ, ಕೇಳಲೂಬೇಕು. ಅವರ ನಂತರ ಆ ಸ್ಥಾನಕ್ಕೆ ಬಂದವರು ಆರಿ ಪೆನ್ನಿಕ್ ಎಂಬ ಕಪ್ಪು ಮಹಿಳೆ. ಆದರೆ ಇಪ್ಪತ್ತು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂರುವ ತಾಳ್ಮೆ ವಿಲಿಯಮ್ಸ್‌ಗಿತ್ತು, ಅದು ದೊಡ್ಡದು. ನಾಯಕತ್ವದ ಬಗ್ಗೆ ಬರೆದ ಪುಸ್ತಕಗಳಲ್ಲಿ ದೂರದೃಷ್ಟಿಗೆ ಸಿಗುವ ಪುಟಗಳು ಈ ಗುಣಕ್ಕೆ ಸಿಗುವುದಿಲ್ಲ.

ಕೌನ್ಸಿಲ್ ಏನು ಮಾಡುತ್ತಿತ್ತು? ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಫೇರ್ ಹೌಸಿಂಗ್ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಕಾಯ್ದೆ ಬಂದ ಮೇಲೆ ಮಾಲೀಕರು ಬಾಯಿಬಿಟ್ಟು ಬಣ್ಣದ ಮಾತಾಡುವುದನ್ನು ನಿಲ್ಲಿಸಿದರು. ‘ಅಯ್ಯೋ, ಈಗ ತಾನೇ ಬೇರೆಯವರಿಗೆ ಕೊಟ್ಟುಬಿಟ್ಟೆವು’ ಎಂದು ನಗುನಗುತ್ತಾ ಹೇಳಿ ಕಳಿಸತೊಡಗಿದರು. ಇದು ಸುಳ್ಳೆಂದು ಸಾಬೀತು ಮಾಡುವುದು ಹೇಗೆ? ಟೆಸ್ಟಿಂಗ್ ಎಂಬ ವಿಧಾನ ಬಂದದ್ದು ಇದಕ್ಕೆ. ಒಂದೇ ಬಗೆಯ ಸಂಬಳ, ಒಂದೇ ಬಗೆಯ ಉದ್ಯೋಗ, ಒಂದೇ ಗಾತ್ರದ ಕುಟುಂಬ ಎಂದು ಹೇಳಿಕೊಳ್ಳುವ ಇಬ್ಬರು, ಒಬ್ಬರು ಕಪ್ಪು, ಒಬ್ಬರು ಬಿಳಿ, ಸ್ವಲ್ಪ ಹೊತ್ತಿನ ಅಂತರದಲ್ಲಿ ಅದೇ ಮನೆ ಕೇಳಿಕೊಂಡು ಹೋಗುತ್ತಾರೆ. ಇಬ್ಬರೂ ಪರಸ್ಪರ ಮಾತಾಡದೆ ನಡೆದದ್ದನ್ನೆಲ್ಲ ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ಯಾರು ಬಾಗಿಲು ತೆಗೆದರು, ಯಾವ ಬಾಡಿಗೆ ಹೇಳಿದರು, ಎಷ್ಟು ಮನೆ ತೋರಿಸಿದರು, ಎಲ್ಲ. ಆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ನ್ಯಾಯಾಧೀಶರಿಗೆ ಬೇರೆ ವಿವರಣೆ ಬೇಡ. ಹೀಗೆ ಹೋಗಿ ಸುಳ್ಳು ಮಾಹಿತಿ ಪಡೆದವರಿಗೂ ಅವರನ್ನು ಕಳಿಸಿದ ಸಂಸ್ಥೆಗೂ ಮೊಕದ್ದಮೆ ಹೂಡುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 1982ರಲ್ಲಿ, ವರ್ಜೀನಿಯಾದ ರಿಚ್ಮಂಡ್‌ನಿಂದ ಬಂದ ಹೇವನ್ಸ್ ರಿಯಾಲ್ಟಿ ಮೊಕದ್ದಮೆಯಲ್ಲಿ ಒಪ್ಪಿತು. ಇಂಥ ಸಂಸ್ಥೆಗಳಿಗೆ ನೆಲೆ ಕೊಟ್ಟ ತೀರ್ಪು ಅದು. ಸಾಕ್ಷ್ಯ ಸಂಗ್ರಹಕ್ಕೆ ಶಿಸ್ತು ಬೇಕು. ಕೋಪ ಬಂದಿರುವ ಸ್ವಯಂಸೇವಕನಿಂದ ಕೋಪದ ಒಂದು ಮಾತೂ ಇಲ್ಲದ ವರದಿ ಬರೆಸುವುದು ನಿರ್ದೇಶಕರ ಕೆಲಸ.

ಎಲ್ಲ ಬಾಗಿಲೂ ಹೀಗೆ ತೆರೆಯಲಿಲ್ಲ. ಚಿಕಾಗೋದ ವಾಯವ್ಯಕ್ಕಿರುವ ಆರ್ಲಿಂಗ್ಟನ್ ಹೈಟ್ಸ್ ಉಪನಗರದಲ್ಲಿ 1970ರ ಜನಗಣತಿಯ ಪ್ರಕಾರ ಸುಮಾರು 64,000 ಜನ. ಅವರಲ್ಲಿ ಕಪ್ಪು ಜನ 27 ಮಂದಿ. ಇಪ್ಪತ್ತೇಳು ಸಾವಿರ ಎಂದು ಕೇಳಿಸಿಕೊಳ್ಳಬೇಡಿ, ಇಪ್ಪತ್ತೇಳೇ ಮಂದಿ. ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳ ಸಂಘವೊಂದು ತನ್ನ ಜಾಗದಲ್ಲಿ 190 ಮನೆಗಳನ್ನು ಕಟ್ಟಲು, ಕೌನ್ಸಿಲ್‌ನ ಒತ್ತಾಸೆಯಿಂದ ಹುಟ್ಟಿದ ಲಾಭರಹಿತ ಸಂಸ್ಥೆಯೊಂದಕ್ಕೆ ಅವಕಾಶ ಕೊಟ್ಟಿತು. ಬಡವರೂ ಮಧ್ಯಮ ವರ್ಗದವರೂ, ಕಪ್ಪು ಬಿಳಿ ಇಬ್ಬರೂ ಇರಬಹುದಾದ ಮನೆಗಳು. ಹಲವು ಕುಟುಂಬಗಳಿರುವ ಕಟ್ಟಡಗಳಿಗೆ ಜಾಗದ ವಲಯ ಬದಲಾಯಿಸಬೇಕಿತ್ತು, ಊರ ಮಂಡಳಿ ಒಪ್ಪಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ಮಂಡಳಿಯ ಪರ ನಿಂತಿತು. ಕ್ರಮದಿಂದ ಕಪ್ಪು ಜನಕ್ಕೆ ತೊಂದರೆಯಾದರೆ ಸಾಲದು, ತೊಂದರೆ ಮಾಡಬೇಕೆಂಬ ಉದ್ದೇಶವಿತ್ತೆಂದು ತೋರಿಸಬೇಕು ಎಂದಿತು. ಉದ್ದೇಶವನ್ನು ಯಾರು ತಾನೇ ಸಭೆಯ ನಡಾವಳಿಯಲ್ಲಿ ಬರೆದಿಡುತ್ತಾರೆ? ಕೆಳಗಿನ ಮೇಲ್ಮನವಿ ನ್ಯಾಯಾಲಯ ಫೇರ್ ಹೌಸಿಂಗ್ ಕಾಯ್ದೆಯ ಅಡಿಯಲ್ಲಿ ಪರಿಣಾಮವನ್ನೂ ನೋಡಬಹುದೆಂದ ಮೇಲೆ ರಾಜಿಯಾಗಿ, ಬೇರೊಂದು ಜಾಗದಲ್ಲಿ ಮನೆಗಳೆದ್ದವು.

ಈಗ ಕೌನ್ಸಿಲ್‌ನ ಅತಿ ದೊಡ್ಡ ಕೆಲಸಕ್ಕೆ ಬರುತ್ತೇನೆ. ನಗರದ ದಕ್ಷಿಣ ಅಂಚಿನ ಆಲ್ಟ್‌ಗೆಲ್ಡ್ ಗಾರ್ಡನ್ಸ್ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಡೊರೊತಿ ಗಾಟ್ರೊ ಎಂಬ ತಾಯಿ ಇದ್ದರು. ಅಲ್ಲಿಯ ನಿವಾಸಿಗಳನ್ನು ಸಂಘಟಿಸುತ್ತಿದ್ದವರು. ಚಿಕಾಗೋ ಹೌಸಿಂಗ್ ಅಥಾರಿಟಿ ಬಡವರಿಗೆ ಕಟ್ಟುವ ಮನೆಗಳನ್ನು ಬಹುತೇಕ ಕಪ್ಪು ಬಡಾವಣೆಗಳಲ್ಲೇ ಕಟ್ಟುತ್ತಿತ್ತು. ಬಿಳಿಯರ ವಾರ್ಡಿನಲ್ಲಿ ಜಾಗ ಸೂಚಿಸಿದರೆ ಆ ವಾರ್ಡಿನ ಸದಸ್ಯ ಬೇಡವೆಂದರೆ ಮುಗಿಯಿತು. 1962ರಲ್ಲಿ ಪೂರ್ತಿಯಾದ ರಾಬರ್ಟ್ ಟೇಲರ್ ಹೋಮ್ಸ್ ಎಂಬ ಸಮುಚ್ಚಯದಲ್ಲಿ 16 ಅಂತಸ್ತಿನ 28 ಕಟ್ಟಡಗಳು ಒಂದೇ ಸಾಲಿನಲ್ಲಿ ನಿಂತದ್ದು ಹೀಗೆ. 1966ರ ಆಗಸ್ಟಿನಲ್ಲಿ ಗಾಟ್ರೊ ಮತ್ತು ಸಂಗಡಿಗರು ಮೊಕದ್ದಮೆ ಹೂಡಿದರು. ಅವರ ಪರ ನಿಂತ ವಕೀಲ ಅಲೆಕ್ಸಾಂಡರ್ ಪೊಲಿಕಾಫ್. 1969ರಲ್ಲಿ ನ್ಯಾಯಾಧೀಶ ರಿಚರ್ಡ್ ಆಸ್ಟಿನ್ ಅವರ ಪರ ತೀರ್ಪು ಕೊಟ್ಟರು. ಡೊರೊತಿ ಗಾಟ್ರೊ ಅದನ್ನು ಕೇಳಲಿಲ್ಲ, 1968ರಲ್ಲೇ ತೀರಿಕೊಂಡಿದ್ದರು. ಬಿಳಿಯರ ಬಡಾವಣೆಗಳಲ್ಲಿ ಕಟ್ಟಿ ಎಂದು ಆದೇಶವಾಯಿತು. ಅಥಾರಿಟಿ ಮುಂದೆ ವರ್ಷಗಟ್ಟಲೆ ಹೆಚ್ಚುಕಡಿಮೆ ಏನನ್ನೂ ಕಟ್ಟಲಿಲ್ಲ. ನಗರದೊಳಗೆ ದಾರಿ ಮುಚ್ಚಿತು. ಉಳಿದದ್ದು ನಗರದ ಗಡಿಯಾಚೆಯ ಉಪನಗರಗಳು.

ಇಲ್ಲಿ ಮೂರು ತೀರ್ಪುಗಳನ್ನು ಒಟ್ಟಿಗೆ ಓದಬೇಕು. 1974ರ ಜುಲೈನಲ್ಲಿ ಡೆಟ್ರಾಯಿಟ್‌ನ ಮಿಲಿಕೆನ್ ವಿರುದ್ಧ ಬ್ರಾಡ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ನಗರದ ಶಾಲೆಗಳ ಪ್ರತ್ಯೇಕತೆ ಸರಿಪಡಿಸಲು ಉಪನಗರಗಳ ಶಾಲೆಗಳನ್ನು ಎಳೆದು ತರುವಂತಿಲ್ಲ ಎಂದಿತು. ಉಪನಗರದವರು ತಪ್ಪು ಮಾಡಿದ್ದಾರೆಂದು ತೋರಿಸದ ಹೊರತು ಶಾಲಾ ಡಿಸ್ಟ್ರಿಕ್ಟಿನ ಗೆರೆಯನ್ನು ಮುಟ್ಟಕೂಡದು. ಶಾಲೆಗಳಲ್ಲಿ ಬಣ್ಣದ ಪ್ರತ್ಯೇಕತೆ ಸಲ್ಲದೆಂದ 1954ರ ಬ್ರೌನ್ ಮೊಕದ್ದಮೆಯನ್ನು ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ಅದೇ ಪೀಠದಲ್ಲಿ ಕೂತು ಭಿನ್ನಮತ ಬರೆಯಬೇಕಾಯಿತು. ಅದಕ್ಕೂ ಹಿಂದಿನ ವರ್ಷ, ಟೆಕ್ಸಸ್‌ನ ರೊಡ್ರಿಗೆಜ್ ಮೊಕದ್ದಮೆಯಲ್ಲಿ, ಮನೆ ಕಂದಾಯದಿಂದ ಶಾಲೆ ನಡೆಸುವ ಪದ್ಧತಿ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅದೇ ಕೋರ್ಟು ಹೇಳಿತ್ತು. ಸಿರಿವಂತರ ಊರಲ್ಲಿ ಮನೆಗಳಿಗೆ ಬೆಲೆ ಹೆಚ್ಚು, ಕಂದಾಯ ಹೆಚ್ಚು, ಶಾಲೆಗೆ ಹಣ ಹೆಚ್ಚು. ಬಡವರ ಊರಿನವರು ಹೆಚ್ಚು ದರದಲ್ಲಿ ಕಂದಾಯ ಕಟ್ಟಿದರೂ ಶಾಲೆಗೆ ಸಿಗುವುದು ಕಡಿಮೆ. ಹೀಗೆ ಎರಡು ವರ್ಷದಲ್ಲಿ ಶಾಲೆಯ ಕಡೆಯಿಂದ ಎರಡು ಬಾಗಿಲು ಮುಚ್ಚಿದವು. 1976ರ ಏಪ್ರಿಲ್ 20ರಂದು ಗಾಟ್ರೊ ಮೊಕದ್ದಮೆ ಅದೇ ಪೀಠದ ಮುಂದೆ ಬಂದಾಗ ಎಂಟು ನ್ಯಾಯಮೂರ್ತಿಗಳೂ ಒಮ್ಮತದಿಂದ, ಮನೆಯ ವಿಷಯದಲ್ಲಿ ಪರಿಹಾರ ನಗರದ ಗಡಿ ದಾಟಬಹುದು ಎಂದರು. ಕೇಂದ್ರ ವಸತಿ ಇಲಾಖೆಯೇ ತಪ್ಪಿತಸ್ಥ, ಅದರ ಅಧಿಕಾರ ನಗರದ ಗಡಿಗೆ ನಿಲ್ಲುವಂಥದ್ದಲ್ಲ ಎಂಬುದು ಕಾರಣ.

ಮಗುವನ್ನು ಬಸ್ಸಿನಲ್ಲಿ ಕೂರಿಸಿ ಆ ಗೆರೆ ದಾಟಿಸುವಂತಿಲ್ಲ, ಆದರೆ ಮಗುವಿನ ಮನೆಯನ್ನೇ ಗೆರೆಯಾಚೆಗೆ ಕೊಂಡೊಯ್ಯಬಹುದು. ಕಾನೂನು ಬಿಟ್ಟ ಈ ಒಂದು ಸಂದಿಯಲ್ಲಿ ಕೌನ್ಸಿಲ್ ಇಪ್ಪತ್ತೆರಡು ವರ್ಷ ಕೆಲಸ ಮಾಡಿತು.

ಕೆಲಸದ ಬಗೆ ಹೀಗಿತ್ತು. ಕುಟುಂಬ ತನ್ನ ವರಮಾನದ ಒಂದು ಪಾಲನ್ನು, ಮೊದಲು ಶೇಕಡಾ 25, ಆಮೇಲೆ 30, ಬಾಡಿಗೆಗೆ ಕೊಡುತ್ತದೆ. ಉಳಿದದ್ದನ್ನು ಸರ್ಕಾರ ಮನೆ ಮಾಲೀಕನಿಗೆ ಕಟ್ಟುತ್ತದೆ. ಸೆಕ್ಷನ್ 8 ಎಂದು ಇದಕ್ಕೆ ಹೆಸರು. ಕಪ್ಪು ಜನ ಶೇಕಡಾ 30 ಮೀರಿರದ ಪ್ರದೇಶಗಳಲ್ಲಿ ಮನೆ ಹುಡುಕುವುದು ನಿಯಮ. ಹೆಸರು ನೋಂದಾಯಿಸಲು ವರ್ಷಕ್ಕೊಮ್ಮೆ ಒಂದು ದಿನ ದೂರವಾಣಿ ಲೈನು ತೆರೆದರೆ ಸಾವಿರಾರು ಕರೆ ಬರುತ್ತಿದ್ದವು. ಸಿಬ್ಬಂದಿಯಲ್ಲಿ ಕೆಲವರ ಕೆಲಸ ಮಾಲೀಕರನ್ನು ಒಪ್ಪಿಸುವುದು. ಒಂದೊಂದು ಕಟ್ಟಡಕ್ಕೂ ಹೋಗಿ, ಬಾಡಿಗೆ ತಪ್ಪದೆ ಬರುತ್ತದೆ, ತೊಂದರೆಯಾದರೆ ನಮಗೆ ಫೋನ್ ಮಾಡಿ ಎಂದು ಮಾತು ಕೊಡಬೇಕು. ಇನ್ನು ಕೆಲವರು ಕುಟುಂಬದ ಮನೆಗೆ ಹೋಗಿ ಮಾತಾಡಿ, ಎಂದೂ ನೋಡಿರದ ಉಪನಗರಕ್ಕೆ ಅವರನ್ನು ಕರೆದೊಯ್ದು ಅಂಗಡಿ ಎಲ್ಲಿ, ಶಾಲೆ ಎಲ್ಲಿ, ಆಸ್ಪತ್ರೆ ಎಲ್ಲಿ ಎಂದು ತೋರಿಸಬೇಕು. ಒಂದೇ ಕಡೆ ಹೆಚ್ಚು ಕುಟುಂಬಗಳು ಸೇರಿ ಗುಲ್ಲೇಳದಂತೆ ಚದುರಿಸಿ ಕಳಿಸಬೇಕು. ಒಂದು ಲೆಕ್ಕದಲ್ಲಿ ಇದು ದೊಡ್ಡ ರಾಜಿ. ಬಿಳಿಯರ ಸಿಟ್ಟು ಕೆರಳದ ಹಾಗೆ ಕಪ್ಪು ಜನರ ಹಕ್ಕನ್ನು ಸಣ್ಣ ಸಣ್ಣ ತುತ್ತಾಗಿ ಹಂಚಿದಂತೆ. ಅದಿಲ್ಲದೆ ಕಾರ್ಯಕ್ರಮ ಎರಡನೇ ವರ್ಷ ಕಾಣುತ್ತಿರಲಿಲ್ಲವೆಂಬುದೂ ನಿಜ. 1998ರಲ್ಲಿ ಮುಗಿಯುವ ಹೊತ್ತಿಗೆ ಸುಮಾರು 7,100 ಕುಟುಂಬಗಳು ಹೀಗೆ ಮನೆ ಬದಲಿಸಿದ್ದವು, ಅರ್ಧಕ್ಕೂ ಹೆಚ್ಚು ಉಪನಗರಗಳಿಗೆ.

ಪಟ್ಟಿಯ ಸರದಿಯಂತೆ, ಆ ಹೊತ್ತಿಗೆ ಎಲ್ಲಿ ಮನೆ ಖಾಲಿಯಿದೆಯೋ ಅಲ್ಲಿಗೆ ಹೋಗುತ್ತಿದ್ದುದರಿಂದ ನಗರಕ್ಕೆ ಹೋದವರೂ ಉಪನಗರಕ್ಕೆ ಹೋದವರೂ ಮೂಲತಃ ಒಂದೇ ತರಹದವರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೇಮ್ಸ್ ರೋಸೆನ್‌ಬಾಮ್ ಇದನ್ನು ಗಮನಿಸಿ ಮಕ್ಕಳನ್ನು ಹಿಂಬಾಲಿಸಿ ಅಧ್ಯಯನ ಮಾಡಿದರು. ನಗರದಲ್ಲೇ ಉಳಿದ ಮಕ್ಕಳಲ್ಲಿ ಶೇಕಡಾ 20 ಮಂದಿ ಶಾಲೆ ಬಿಟ್ಟಿದ್ದರೆ ಉಪನಗರಕ್ಕೆ ಹೋದವರಲ್ಲಿ ಶೇಕಡಾ 5. ಕಾಲೇಜು ಸೇರಿದವರು ನಗರದಲ್ಲಿ ಶೇಕಡಾ 21, ಉಪನಗರದಲ್ಲಿ 54. ನಾಲ್ಕು ವರ್ಷದ ಪದವಿ ಕಾಲೇಜು ಸೇರಿದವರು ನಗರದಲ್ಲಿ ಶೇಕಡಾ 4, ಉಪನಗರದಲ್ಲಿ 27. ಅಧ್ಯಯನಕ್ಕೆ ಸಿಕ್ಕ ಯುವಕ ಯುವತಿಯರು ಸುಮಾರು ನೂರು ಮಂದಿ ಮಾತ್ರ. ಅದನ್ನು ಬಚ್ಚಿಟ್ಟು ಈ ಅಂಕಿಗಳನ್ನು ಮೆರೆಸುವುದು ತಪ್ಪು. ಹೋದ ಕಡೆ ಮೊದಮೊದಲು ಮಕ್ಕಳು ಬೈಗುಳ ಕೇಳಿದರು, ಕಾರಿಲ್ಲದ ತಾಯಂದಿರು ಬಸ್ಸಿಲ್ಲದ ಊರುಗಳಲ್ಲಿ ಪಾಡುಪಟ್ಟರು. ಹಳೆಯ ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದ ಮಗು ಹೊಸ ಶಾಲೆಯಲ್ಲಿ ತರಗತಿಗಿಂತ ಹಿಂದಿದೆಯೆಂದು ಗೊತ್ತಾಗಿ ದಂಗಾದ ತಾಯಂದಿರೂ ಇದ್ದರು.

ಇದರ ವಿರುದ್ಧ ಒಂದು ಬಲವಾದ ವಾದವಿದೆ. ಕಪ್ಪು ಮಗು ಕಲಿಯಬೇಕಾದರೆ ಬಿಳಿಯ ಮಗುವಿನ ಪಕ್ಕ ಕೂರಬೇಕೇ? ಕೆಲವೇ ಕುಟುಂಬಗಳನ್ನು ಹೊರಗೆ ಕಳಿಸಿದರೆ ನಾರ್ತ್ ಲಾಂಡೇಲ್‌ನಲ್ಲಿ ಉಳಿದವರ ಗತಿ ಏನು? ಆ ಹಣವನ್ನು ಅಲ್ಲಿಯ ಶಾಲೆಗೇ ಹಾಕಬಾರದೇಕೆ? ಈ ವಾದವನ್ನು ನಾನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ ಹೊಸ ಬಡಾವಣೆ ಕಟ್ಟುವವರು ಒಂದು ಪಾಲು ಮನೆಗಳನ್ನು ಕಡಿಮೆ ದರಕ್ಕೆ ಬಿಡಬೇಕೆಂಬ ನಿಯಮ 1970ರ ದಶಕದಿಂದ ಇದೆ. ಅವುಗಳಲ್ಲಿ ಕೆಲವನ್ನು ವಸತಿ ಇಲಾಖೆ ಕೊಂಡು ಬಡವರಿಗೆ ಲಾಟರಿಯಲ್ಲಿ ಹಂಚುತ್ತದೆ. ಅಲ್ಲಿಯ 858 ಮಕ್ಕಳನ್ನು ಹೆದರ್ ಶ್ವಾರ್ಟ್ಸ್ ಅಧ್ಯಯನ ಮಾಡಿ 2010ರಲ್ಲಿ ವರದಿ ಪ್ರಕಟಿಸಿದರು. ಬಡತನ ಹೆಚ್ಚಿರುವ ಶಾಲೆಗಳಿಗೆ ಕೌಂಟಿ ಹೆಚ್ಚುವರಿ ಹಣ ಸುರಿದಿತ್ತು. ಹಾಗಿದ್ದರೂ ಬಡತನ ಕಡಿಮೆಯಿರುವ ಶಾಲೆಗಳಿಗೆ ಹೋದ ಬಡ ಮಕ್ಕಳೇ ವರ್ಷಗಳು ಕಳೆದಂತೆ ಮುಂದೆ ಬಂದರು. ಹಣ ಬೇಡವೆಂದಲ್ಲ, ಎರಡೂ ಬೇಕು. ಉಳಿಯುವವರಿಗೆ ಉಳಿಯುವ ಹಕ್ಕು, ಹೊರಡುವವರಿಗೆ ಹೊರಡುವ ಹಕ್ಕು. ತನ್ನ ಮಗಳಿಗೆ ಈಗಲೇ ಒಳ್ಳೆಯ ಶಾಲೆ ಬೇಕೆನ್ನುವ ತಾಯಿಗೆ, ನಿನ್ನ ಬಡಾವಣೆ ಸುಧಾರಿಸುವವರೆಗೆ ಕಾಯಿ ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಗಾಟ್ರೊ ಫಲಿತಾಂಶ ನೋಡಿ ಕೇಂದ್ರ ಸರ್ಕಾರ 1994ರಲ್ಲಿ ಮೂವಿಂಗ್ ಟು ಆಪರ್ಚುನಿಟಿ ಎಂಬ ಪ್ರಯೋಗ ಹೂಡಿತು. ಐದು ನಗರ, 4,600 ಕುಟುಂಬ. ಇಲ್ಲಿ ಜನಾಂಗದ ಅಳತೆ ಬಿಟ್ಟು ಬಡತನದ ಅಳತೆ ಹಿಡಿದರು. ಮೊದಲ ವರದಿಗಳಲ್ಲಿ ಮಕ್ಕಳ ಓದಿನಲ್ಲಿ ಏರಿಕೆ ಕಾಣದೆ ಎಲ್ಲರಿಗೂ ನಿರಾಸೆಯಾಯಿತು. ವಿಚಾರಿಸಿದರೆ ಬಹುಪಾಲು ಕುಟುಂಬಗಳು ಮನೆ ಬದಲಿಸಿದ್ದರೂ ಅದೇ ನಗರದ ಶಾಲಾ ಡಿಸ್ಟ್ರಿಕ್ಟಿನೊಳಗೇ ಉಳಿದಿದ್ದವು. ಮನೆ ಬದಲಾಗಿತ್ತು, ಶಾಲೆಯ ಗೆರೆ ದಾಟಿರಲಿಲ್ಲ. ಮುಂದೆ 2015ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಆ ಮಕ್ಕಳು ದೊಡ್ಡವರಾದ ಮೇಲಿನ ಆದಾಯ ತೆರಿಗೆ ದಾಖಲೆಗಳನ್ನು ನೋಡಿದಾಗ, 13 ವರ್ಷಕ್ಕೆ ಮುಂಚೆ ಬಡತನ ಕಡಿಮೆಯಿರುವ ಕಡೆಗೆ ಹೋದವರ ಗಳಿಕೆ ಶೇಕಡಾ 31ರಷ್ಟು ಹೆಚ್ಚಿತ್ತು. ಅದಕ್ಕಿಂತ ದೊಡ್ಡವರಾಗಿ ಹೋದವರಿಗೆ ಆ ಲಾಭ ಇರಲಿಲ್ಲ. ಸರ್ಕಾರದ ಬಾಡಿಗೆ ನೆರವು ಕೊಡಿಸುವ ವೋಚರಿಗಾಗಿ ಕಾಯುವ ಪಟ್ಟಿಗಳು ಎಷ್ಟೋ ನಗರಗಳಲ್ಲಿ ವರ್ಷಗಟ್ಟಲೆ ಉದ್ದ. ಆರು ವರ್ಷದ ಮಗುವನ್ನು ಎತ್ತಿಕೊಂಡು ಅರ್ಜಿ ಹಾಕಿದ ತಾಯಿಗೆ ಮಗು ಹದಿಮೂರಾದಾಗ ಪತ್ರ ಬಂದರೆ ಆ ಏಳು ವರ್ಷ ಯಾರ ಲೆಕ್ಕಕ್ಕೆ? ಈ ಪ್ರಶ್ನೆ ಕೇಳದ ಸಂಸ್ಥೆ ತನ್ನ ವಾರ್ಷಿಕ ವರದಿಯಲ್ಲಿ ಎಷ್ಟೇ ಚೆಂದದ ಚಿತ್ರ ಹಾಕಿದರೂ ನನಗೆ ನಂಬಿಕೆ ಬರುವುದಿಲ್ಲ.

ಇಷ್ಟು ಮಾಡಿದ ಕೌನ್ಸಿಲ್ 2006ರಲ್ಲಿ ಹಣವಿಲ್ಲದೆ ಮುಚ್ಚಿತು. ದೇಣಿಗೆದಾರರು ಹೊಸ ಹೊಸ ವಿಷಯಗಳ ಕಡೆ ಹೊರಳಿದ್ದರು, ಸರ್ಕಾರದ ಗುತ್ತಿಗೆಗಳು ಮುಗಿದಿದ್ದವು. ದತ್ತಿಯ ಅಸಲನ್ನು ಮುಟ್ಟದೆ ಬಡ್ಡಿಯಲ್ಲೇ ಕೆಲಸ ನಡೆಸುವ ವ್ಯವಸ್ಥೆಯಿಂದಲೇ ಇವತ್ತು ನಾವಿಲ್ಲಿ ಕೂತಿದ್ದೇವೆ. ನಲವತ್ತು ವರ್ಷ ಒಂದು ಮಹಾನಗರದ ಭೂಪಟ ತಿದ್ದಿದ ಸಂಸ್ಥೆಗೆ ಅಂಥ ಮೂಲಧನ ಇರಲಿಲ್ಲ. ಒಂದು ಅನುದಾನ ಮುಗಿಯುವ ಮೊದಲೇ ಇನ್ನೊಂದಕ್ಕೆ ಅರ್ಜಿ ಬರೆಯುವುದರಲ್ಲೇ ಇಂಥ ಸಂಸ್ಥೆಗಳ ನಿರ್ದೇಶಕರ ಅರ್ಧ ಆಯುಷ್ಯ ಕಳೆಯುತ್ತದೆ. ಇದು ವ್ಯರ್ಥ ಖರ್ಚು, ಮಾನವಶಕ್ತಿಯ ದೊಡ್ಡ ಪೋಲು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಗಾಟ್ರೊ ಮೊಕದ್ದಮೆ ಮಾತ್ರ ಸಂಸ್ಥೆಗಿಂತ ಹೆಚ್ಚು ಕಾಲ ಬದುಕಿತು. ಅದರ ಕೊನೆಯ ರಾಜಿಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ.

ಕನ್ನಡಿಗರಿಗೂ ಈ ಚರಿತ್ರೆಗೂ ನಿಜವಾದ ನಂಟಿದೆ. ಏಷ್ಯಾದವರಿಗೆ ಅಮೆರಿಕದ ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಕಪ್ಪು ಜನರ ಹೋರಾಟ ಕಾವೇರಿದ್ದ ಆ ದಿನಗಳ ಫಲ ಅದು. ಮೂರು ವರ್ಷದ ನಂತರ ಬಂದ ಫೇರ್ ಹೌಸಿಂಗ್ ಕಾಯ್ದೆ ಬಣ್ಣವನ್ನು ಮಾತ್ರ ಹೆಸರಿಸಲಿಲ್ಲ, ಧರ್ಮವನ್ನೂ ಹುಟ್ಟಿದ ದೇಶವನ್ನೂ ಹೆಸರಿಸಿತು. 1970ರ ದಶಕದಲ್ಲಿ ಮೈಸೂರು, ಮಣಿಪಾಲ, ಸುರತ್ಕಲ್‌ಗಳಲ್ಲಿ ಓದಿ ಹೋದ ನಮ್ಮ ಡಾಕ್ಟರು, ಇಂಜಿನಿಯರುಗಳು ಚಿಕಾಗೋದ ಉಪನಗರಗಳಲ್ಲಿ ಮನೆ ಕೇಳಲು ನಿಂತಾಗ ಅವರ ಹಿಂದೆ ಈ ಕಾನೂನಿತ್ತು. ಅದಕ್ಕಾಗಿ ಮಾರ್ಕೆಟ್ ಪಾರ್ಕಿನಲ್ಲಿ ಕಲ್ಲೇಟು ತಿಂದವರು ಬೇರೆಯವರು. ಇವತ್ತು ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ ಕನ್ನಡದ ಮನೆಗಳಿವೆ. ನಮ್ಮ ಮಕ್ಕಳು ಅಲ್ಲಿ ಮನೆ ಕೊಳ್ಳುವಾಗ ಅಡುಗೆಮನೆ ನೋಡುವ ಮೊದಲು ಕೇಳುವುದು ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು, ರೇಟಿಂಗ್ ಎಷ್ಟು ಎಂದು. ತಪ್ಪೇನಿಲ್ಲ, ತಾಯಿತಂದೆಯರ ಸಹಜ ಆಸೆ. ಅದೇ ಊರಿನ ಮಂಡಳಿಯಲ್ಲಿ ಕಡಿಮೆ ಬಾಡಿಗೆಯ ಮನೆಗಳ ಪ್ರಸ್ತಾವ ಬಂದ ದಿನ ಆ ಆಸೆ ಯಾವ ಕಡೆ ಕೈ ಎತ್ತುತ್ತದೆ ಎಂಬುದು ಬೇರೆ ಮಾತು. ಕಡಿಮೆ ದರದ ಮನೆಗಳು ಶೇಕಡಾ 10ಕ್ಕಿಂತ ಕಡಿಮೆಯಿರುವ ಊರುಗಳು ಯೋಜನೆ ಸಲ್ಲಿಸಬೇಕೆಂಬ ಕಾನೂನು ಇಲಿನಾಯ್‌ನಲ್ಲಿ 2003ರಿಂದ ಇದೆ. ಆ ಸಭೆಗಳು ಸಾರ್ವಜನಿಕ. ಅಲ್ಲಿ ಹೆಚ್ಚಾಗಿ ಕೇಳಿಬರುವುದು ಟ್ರಾಫಿಕ್ಕು, ಶಾಲೆಯ ಇಕ್ಕಟ್ಟು, ಮನೆಯ ಬೆಲೆ ಎಂಬ ಮಾತುಗಳು. ಮನೆ ಬೇಕಾದವರು ಆ ಊರಿನವರಲ್ಲವಾದ್ದರಿಂದ ಅವರ ಪರ ಮಾತಾಡಲು ಯಾರಾದರೂ ಎದ್ದು ನಿಲ್ಲಬೇಕು.

ಕೊನೆಯದಾಗಿ ಸಿಯಾಟಲ್‌ನ ಸಂಗತಿ. 2018ರಿಂದ ಅಲ್ಲಿ ಮತ್ತು ಸುತ್ತಲಿನ ಕಿಂಗ್ ಕೌಂಟಿಯಲ್ಲಿ ಒಂದು ಪ್ರಯೋಗ ನಡೆಯಿತು. ವೋಚರ್ ಪಡೆದ ಕುಟುಂಬಗಳಲ್ಲಿ ಅರ್ಧದಷ್ಟಕ್ಕೆ ವೋಚರ್ ಮಾತ್ರ ಕೊಟ್ಟರು. ಉಳಿದವರಿಗೆ ವೋಚರಿನ ಜೊತೆ ಮನೆ ಹುಡುಕಲು ನೆರವಾಗುವ ಒಬ್ಬ ಮನುಷ್ಯ, ಮಾಲೀಕರೊಂದಿಗೆ ಮಾತಾಡುವ ಇನ್ನೊಬ್ಬ, ಮುಂಗಡಕ್ಕೆ ಸ್ವಲ್ಪ ಹಣ. ಮಕ್ಕಳು ಮುಂದೆ ಬರುವ ಬಡಾವಣೆಗಳಿಗೆ ಹೋದವರು ಮೊದಲ ಗುಂಪಿನಲ್ಲಿ ಶೇಕಡಾ 15, ಎರಡನೆಯದರಲ್ಲಿ 53. ಬಡವರು ತಮ್ಮವರ ನಡುವೆಯೇ ಇರಲು ಬಯಸುತ್ತಾರೆ ಎಂದು ಹೇಳುತ್ತಿದ್ದವರಿಗೆ ಈ ಅಂಕಿ ಉತ್ತರ. ಚಿಕಾಗೋದಲ್ಲಿ 1976ರಲ್ಲಿ ಕೌನ್ಸಿಲ್‌ನ ಸಿಬ್ಬಂದಿ ಮಾಡುತ್ತಿದ್ದುದು ಇದನ್ನೇ.

ಆ ಕೌಂಟಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಬಹಳ ಮಂದಿ. ಎರಡನೆಯ ಮನೆ ಕೊಂಡು ಬಾಡಿಗೆಗೆ ಕೊಟ್ಟವರೂ ಇದ್ದಾರೆ, ಅವರ ತಂದೆತಾಯಿಯರು ಈ ಸಭೆಯಲ್ಲೂ ಇರಬಹುದು. ವೋಚರ್ ಇದೆಯೆಂಬ ಕಾರಣಕ್ಕೇ ಬಾಡಿಗೆದಾರರನ್ನು ನಿರಾಕರಿಸುವುದು ವಾಷಿಂಗ್ಟನ್ ರಾಜ್ಯದಲ್ಲಿ 2018ರಿಂದಲೂ ಇಲಿನಾಯ್‌ನಲ್ಲಿ 2023ರಿಂದಲೂ ಕಾನೂನುಬಾಹಿರ. ಇಂಥ ಸಂಸ್ಥೆಯಿಂದ ಮಾಲೀಕರಿಗೆ ಫೋನ್ ಬಂದಾಗ ಕೇಳುವುದು ಇಷ್ಟೇ: ಮನೆ ಯಾವಾಗ ಖಾಲಿಯಾಗುತ್ತದೆ, ಎಷ್ಟು ಕೋಣೆ, ಕುಟುಂಬವನ್ನು ಯಾವತ್ತು ಕರೆದುಕೊಂಡು ಬರಲಿ.